ಗಾರೆಯ ಕಥೆ

ಪುರಾತನವಾದ ಒಂದು ಕಟ್ಟಡದ ಮುಂದೆ ನಿಂತಾಗ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರು: ಇದನ್ನು ಕಟ್ಟಿಸಿದವರು ಯಾರು, ಯಾವ ಕಾಲದಲ್ಲಿ ಕಟ್ಟಿಸಿದರು, ಇದರ ಶಿಲ್ಪಿಗಳು ಯಾರು. ಈ ಮೂರಕ್ಕೂ ಶಾಸನಗಳಲ್ಲಿಯೋ ಗ್ರಂಥಗಳಲ್ಲಿಯೋ ಉತ್ತರ ದೊರೆತೀತು. ಆದರೆ ನಾಲ್ಕನೆಯ ಪ್ರಶ್ನೆಯೊಂದುಂಟು. ಅದನ್ನು ಕೇಳುವವರು ವಿರಳ. ಈ ಕಲ್ಲನ್ನೂ ಆ ಕಲ್ಲನ್ನೂ, ಈ ಇಟ್ಟಿಗೆಯನ್ನೂ ಆ ಇಟ್ಟಿಗೆಯನ್ನೂ ಒಂದಾಗಿ ಹಿಡಿದು ನಿಲ್ಲಿಸಿರುವ ವಸ್ತು ಯಾವುದು? ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬರುತ್ತದೆ: ಹಾಗೆ ಹಿಡಿದಿರುವುದನ್ನು ಬೇಕಾದಾಗ ಬಿಡಿಸಲು ಆದೀತೆ? ಕಟ್ಟುವವನು ಮೊದಲನೆಯದನ್ನು ಕೇಳುತ್ತಾನೆ. ಎರಡನೆಯದನ್ನು ಕೇಳಬೇಕಾದವನು ದುರಸ್ತಿ ಮಾಡುವವನು. ಈ ಪ್ರಶ್ನೆಗಳು ನಮಗೆ ಹೊಳೆದದ್ದು ಗ್ರಂಥಾಲಯದಲ್ಲಲ್ಲ, ನಮ್ಮ ಮನೆಯ ಗೋಡೆಯ ಮುಂದೆ. ಆ ಪ್ರಸಂಗವನ್ನು ಮುಂದೆ ಅರಿಕೆ ಮಾಡುತ್ತೇವೆ.

ಈ ವಿಚಾರವನ್ನು ಪರೀಕ್ಷಿಸುವುದಕ್ಕೆ ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಯಷ್ಟು ಅನುಕೂಲವಾದ ನೆಲ ಬೇರೆ ದೊರೆಯುವುದು ಕಷ್ಟ. ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಿದ್ದಿತು. ರೈಸ್ ಸಾಹೇಬರು 1901ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟವು ಕಡೂರು ಜಿಲ್ಲೆಯ ಶಾಸನಗಳೆಂಬ ಹೆಸರಿನಿಂದಲೇ ಹೊರಬಂದಿತು. ತರೀಕೆರೆಯ ಒಂದು ಮಗ್ಗುಲಿಗೆ ಬಾಬಾಬುಡನ್ ಬೆಟ್ಟಗಳ ಮಳೆಗಾಡು. ಇನ್ನೊಂದು ಮಗ್ಗುಲಿಗೆ ಅಜ್ಜಂಪುರದ ಕರಿಯ ಎರೆಭೂಮಿ. ಕೆಳಗೆ ಕಡೂರಿನ ಒಣ ಬಯಲು. ಒಂದೇ ದಿನದ ಪ್ರಯಾಣದಲ್ಲಿ ಮಳೆಗೆ ಅಂಜುವ ಗೋಡೆಯನ್ನೂ ನೆಲದ ಬಿರುಕಿಗೆ ಅಂಜುವ ಗೋಡೆಯನ್ನೂ ನಾವು ಕಾಣಬಹುದು. ಮಣ್ಣು ಬದಲಾದಂತೆ ಗೋಡೆಯ ಅಂಟೂ ಬದಲಾಗಬೇಕಾಯಿತು.

ಮೊದಲು ಅಂಟೇ ಇಲ್ಲದ ಕಟ್ಟಡವನ್ನು ನೋಡೋಣ. ತರೀಕೆರೆಗೆ ಸಮೀಪದ ಅಮೃತಾಪುರದಲ್ಲಿ ಅಮೃತೇಶ್ವರ ದೇವಾಲಯವಿದೆ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಅದನ್ನು ಕಟ್ಟಿಸಿದನು. ಕವಿ ಜನ್ನನ ಪದ್ಯಗಳುಳ್ಳ ಶಿಲಾಶಾಸನ ಅಲ್ಲಿಯದು; ಮಲ್ಲಿತಮ್ಮನೆಂಬ ಪ್ರಸಿದ್ಧ ಶಿಲ್ಪಿಯು ತನ್ನ ಕೈಚಳಕವನ್ನು ಮೊದಮೊದಲು ತೋರಿದ್ದೂ ಅಲ್ಲಿಯೇ. ಮಂಟಪದ ದಕ್ಷಿಣದ ಗೋಡೆಯಲ್ಲಿ ಎಪ್ಪತ್ತು ಫಲಕಗಳಲ್ಲಿ ರಾಮಾಯಣವೂ ಉತ್ತರದ ಗೋಡೆಯಲ್ಲಿ ಭಾಗವತ ಭಾರತಗಳ ಕಥೆಗಳೂ ಕಡೆದಿವೆ. ನೋಡುವವರು ಈ ಚಿತ್ರಗಳಲ್ಲಿ ಮೈಮರೆತು, ಫಲಕಕ್ಕೂ ಫಲಕಕ್ಕೂ ನಡುವೆ ಇರುವ ಸಂದನ್ನು ಗಮನಿಸದೆ ಹೋಗುತ್ತಾರೆ. ಆ ಸಂದಿನಲ್ಲಿ ಗಾರೆಯಿಲ್ಲ. ಹೊಯ್ಸಳರ ಕಲ್ಲುಕುಟಿಗರು ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಮೈಯೊಡ್ಡಿದ ಮೇಲೆ ಗಟ್ಟಿಯಾಗತಕ್ಕ ಬಳಪದ ಕಲ್ಲನ್ನು ಆರಿಸಿಕೊಂಡರು. ಅದರ ಮುಖಗಳನ್ನು ಒಂದರ ಮೇಲೊಂದು ಕೂಡುವಂತೆ ನಯಗೊಳಿಸಿದರು. ಗೂಟ ಕುಳಿಗಳಿಂದ ಒಂದನ್ನೊಂದಕ್ಕೆ ಹೊಂದಿಸಿ, ಮಿಕ್ಕುದನ್ನು ಮೇಲಿನ ಭಾರಕ್ಕೆ ಬಿಟ್ಟರು. ಅಲ್ಲಿ ಭಾರವೇ ಬಂಧನ.

ಈ ಕ್ರಮದ ಗುಣ ಕಟ್ಟಡ ನಿಂತಿರುವಾಗ ತಿಳಿಯುವುದಿಲ್ಲ. ಅದನ್ನು ಬಿಚ್ಚಬೇಕಾದಾಗ ತಿಳಿಯುತ್ತದೆ. ಗಾರೆಯಿಲ್ಲದ ಗೋಡೆಯಲ್ಲಿ ಒಂದು ಕಲ್ಲು ಜರುಗಿದರೆ ಮೇಲಿನವನ್ನು ಗುರುತುಹಾಕಿ ಇಳಿಸಿ, ಜರುಗಿದುದನ್ನು ಸರಿಪಡಿಸಿ, ಎಲ್ಲವನ್ನೂ ಮೊದಲಿನಂತೆಯೇ ಕೂಡಿಸಬಹುದು. ಶ್ರೀಶೈಲದ ಅಣೆಕಟ್ಟಿನಿಂದ ಮುಳುಗಡೆಯಾಗಲಿದ್ದ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವು ಚಾಲುಕ್ಯರ ಕಾಲದ್ದು. ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಆಲಂಪುರಕ್ಕೆ ಸಾಗಿಸಿ, ಅಲ್ಲಿ ಮರಳಿ ನಿಲ್ಲಿಸಲು ಸಾಧ್ಯವಾದದ್ದು ಕಲ್ಲುಗಳು ಒಂದನ್ನೊಂದು ಬಿಟ್ಟುಕೊಟ್ಟುದರಿಂದ. ಅಂಟಿಕೊಂಡಿದ್ದರೆ ಅವು ಒಡೆಯುತ್ತಿದ್ದುವೇ ಹೊರತು ಬಿಡುತ್ತಿರಲಿಲ್ಲ.

ಎಲ್ಲರೂ ದಂಡನಾಯಕರಾಗಲಾರರಷ್ಟೆ. ಊರಿನ ಒಕ್ಕಲಿಗನ ಮನೆಗೆ, ವರ್ತಕನ ಅಂಗಡಿಗೆ, ಶಾನುಭೋಗನ ಜಗಲಿಗೆ ನಯಗೊಳಿಸಿದ ಕಲ್ಲು ಎಲ್ಲಿಂದ ಬರಬೇಕು? ಅವರಿಗೆ ಮೊದಲ ಅಂಟು ಮಣ್ಣೇ ಆಯಿತು. ಕೆಮ್ಮಣ್ಣನ್ನು ಕೊಳೆಹಾಕಿ, ಹುಲ್ಲನ್ನು ಕತ್ತರಿಸಿ ಹಾಕಿ, ಎತ್ತಿನಿಂದಲೋ ಕಾಲಿನಿಂದಲೋ ತುಳಿಸಿ ಹದಮಾಡಿದ ಕೆಸರು ಗೋಡೆಯೂ ಆಗುತ್ತಿತ್ತು, ಗೋಡೆಯ ಅಂಟೂ ಆಗುತ್ತಿತ್ತು. ಅದನ್ನು ಬಿಡಿಸುವುದಕ್ಕೆ ನೀರು ಸಾಕು. ಬಿದ್ದ ಮನೆಯ ಮಣ್ಣನ್ನೇ ಕಲಸಿ ಹೊಸ ಮನೆಯ ಗೋಡೆ ಎಬ್ಬಿಸುವುದು ಹಳ್ಳಿಗಳಲ್ಲಿ ರೂಢಿಯಾಗಿದ್ದಿತು. ಆದರೆ ಬಿಡಿಸಲು ಸಾಕಾಗುವ ನೀರೇ ಕೆಡಹುವುದಕ್ಕೂ ಸಾಕು. ಆದುದರಿಂದ ಮಳೆಯ ಸೀಮೆಯವರು ಸೂರನ್ನು ಗೋಡೆಯಿಂದ ಬಹು ಮುಂದಕ್ಕೆ ಚಾಚಿದರು. ಅನುಕೂಲವುಳ್ಳವರು ಸುಣ್ಣವನ್ನು ಆಶ್ರಯಿಸಿದರು.

ಸುಣ್ಣದ ಚರಿತ್ರೆ ಒಂದು ಪುನರ್ಜನ್ಮದ ಕಥೆ. ಸುಣ್ಣದ ಕಲ್ಲನ್ನೋ, ಎರೆಭೂಮಿಯಲ್ಲಿ ದೊರೆಯುವ ಸುಣ್ಣದ ಹರಳನ್ನೋ, ಕಪ್ಪೆಚಿಪ್ಪನ್ನೋ ಗೂಡಿನಲ್ಲಿಟ್ಟು ಸುಮಾರು 900 ಡಿಗ್ರಿಯ ಕಾವಿನಲ್ಲಿ ಸುಟ್ಟರೆ ಅದರಲ್ಲಿ ಅಡಗಿದ್ದ ಇಂಗಾಲಾಮ್ಲ ವಾಯುವು ಹೊರಟುಹೋಗುತ್ತದೆ. ನೂರು ತೂಕದ ಶುದ್ಧವಾದ ಕಲ್ಲಿಗೆ ಐವತ್ತಾರು ತೂಕದ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರೆರೆದರೆ ಭುಸುಗುಟ್ಟಿ ಕುದಿದು ಅರಳುತ್ತದೆ. ಆ ಸಮಯದಲ್ಲಿ ಅದರ ಹನಿಯೊಂದು ಕಣ್ಣಿಗೆ ಬಿದ್ದರೆ ಕಣ್ಣು ಹೋಗುವ ಭಯವುಂಟು. ಹಳಬರು ಮಕ್ಕಳನ್ನು ಸುಣ್ಣದ ಗುಂಡಿಯ ಬಳಿಗೆ ಬಿಡದಿದ್ದುದು ಸಕಾರಣವಾಗಿತ್ತು. ಅರಳಿದ ಸುಣ್ಣವನ್ನು ಮರಳಿನೊಡನೆ ಬೆರಸಿ ಗೋಡೆಯ ಸಂದಿನಲ್ಲಿಟ್ಟ ಮೇಲೆ ಅದು ತಾನು ಕಳೆದುಕೊಂಡ ವಾಯುವನ್ನು ಗಾಳಿಯಿಂದ ಮೆಲ್ಲಮೆಲ್ಲನೆ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಕಲ್ಲಾಗಿ ಹುಟ್ಟಿದುದು ಬೂದಿಯಾಗಿ, ಬೆಣ್ಣೆಯಾಗಿ, ಪುನಃ ಕಲ್ಲಾಗುವ ಈ ಕ್ರಮಕ್ಕೆ ತಿಂಗಳುಗಳು, ಕೆಲವು ವೇಳೆ ವರ್ಷಗಳು ಹಿಡಿಯುತ್ತವೆ.

ನಮ್ಮ ಗಾರೆ ಕೆಲಸದವರು ಇದನ್ನು ಇನ್ನೂ ಸಂಸ್ಕರಿಸಿದರು. ದುಂಡಾಗಿ ತೋಡಿದ ಕಾಲುವೆಯಲ್ಲಿ ಕಲ್ಲಿನ ಗಾಲಿಯನ್ನು ಎತ್ತುಗಳಿಂದ ಸುತ್ತಿಸಿ ಸುಣ್ಣ ಮರಳುಗಳನ್ನು ಅರೆದರು. ಇದಕ್ಕೆ ಗಾರೆಯ ಗಾಣವೆಂದು ಹೆಸರು. ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಸೇರಿಸಿದರು. ಇಟ್ಟಿಗೆಯ ಪುಡಿಯನ್ನು, ಎಂದರೆ ಸುರ್ಕಿಯನ್ನು, ಬೆರಸಿದರೆ ಗಾರೆಯು ಗಾಳಿಯ ಹಂಗಿಲ್ಲದೆ ನೀರಿನಲ್ಲಿಯೂ ಗಟ್ಟಿಯಾಗುತ್ತದೆಂಬುದನ್ನು ಅನುಭವದಿಂದ ಕಂಡುಕೊಂಡರು. ರೋಮನರು ಜ್ವಾಲಾಮುಖಿಯ ಬೂದಿಯಿಂದ ಸಾಧಿಸಿದುದನ್ನು ನಮ್ಮವರು ಒಡೆದ ಇಟ್ಟಿಗೆಯಿಂದ ಸಾಧಿಸಿದರು.

ಇದರ ದೊಡ್ಡ ನಿದರ್ಶನ ಕಡೂರಿನ ನೀರಿನಲ್ಲಿಯೇ ಇದೆ. ಬಾಬಾಬುಡನ್ ಬೆಟ್ಟಗಳ ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ವೇದಾ, ಆವತಿ ಎಂಬ ಎರಡು ಹೊಳೆಗಳು, ಒಂದು ಅಯ್ಯನಕೆರೆಯನ್ನೂ ಇನ್ನೊಂದು ಮದಗದ ಕೆರೆಯನ್ನೂ ತುಂಬಿಸಿ, ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಆ ನದಿಗೆ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ಮೈಸೂರು ಸಂಸ್ಥಾನದವರು ಕಟ್ಟಿದ ವಾಣೀವಿಲಾಸ ಸಾಗರದ ಕಟ್ಟೆ 1907ರಲ್ಲಿ ಮುಗಿಯಿತು. ಅದು ಕಲ್ಲು, ಸುಣ್ಣ, ಸುರ್ಕಿಗಳ ಕೆಲಸ, ಸಿಮೆಂಟಿನದಲ್ಲ. ಕನ್ನಂಬಾಡಿಯ ಕೃಷ್ಣರಾಜಸಾಗರವೂ ಅದೇ ಜಾತಿಯದು. 1933ರ ಬಳಿಕ ಒಮ್ಮೆಯೂ ತುಂಬಿ ಹರಿಯದ ವಾಣೀವಿಲಾಸ ಸಾಗರವು 2022ರಲ್ಲಿ ಕೋಡಿ ಬಿದ್ದಿತು. ಭದ್ರಾ ಮೇಲ್ದಂಡೆ ಯೋಜನೆಯವರು ಭದ್ರೆಯ ನೀರನ್ನು ತರೀಕೆರೆಯ ಸೀಮೆಯಿಂದ ಮೇಲೆತ್ತಿ, ಅಜ್ಜಂಪುರದ ಸುರಂಗದ ಮೂಲಕ ಅದೇ ಜಲಾಶಯದ ಕಡೆಗೆ ಸಾಗಿಸುತ್ತಾರೆ. ನೂರು ವರ್ಷ ಮೀರಿದ ಸುಣ್ಣದ ಗಾರೆಯು ಹೊಸ ಕಾಲದ ನೀರನ್ನೂ ಹೊತ್ತು ನಿಂತಿದೆ. ಆದುದರಿಂದ ಸುಣ್ಣವು ದುರ್ಬಲವೆಂಬ ಮಾತನ್ನು ಯಾರಾದರೂ ಆಡಿದರೆ ಅವರನ್ನು ಮಾರಿಕಣಿವೆಗೆ ಕಳುಹಿಸಬೇಕು.

ಸುಣ್ಣದ ನಿಜವಾದ ಗುಣ ಬೇರೆ. ತಾನು ಹಿಡಿದ ಇಟ್ಟಿಗೆಗಿಂತ ಅದು ಒಂದಿಷ್ಟು ಮೆತ್ತಗಿರುತ್ತದೆ. ಅಜ್ಜಂಪುರದ ಎರೆಭೂಮಿ ಮಳೆಗಾಲದಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುತ್ತದೆ. ಅದರ ಮೇಲಿನ ಗೋಡೆಯು ಒಂದು ಕೂದಲೆಳೆಯಷ್ಟಾದರೂ ಅತ್ತಿತ್ತ ಅಲುಗದೆ ಇರಲಾರದು. ಆಗ ಸುಣ್ಣದ ಸಂದು ಸಣ್ಣಗೆ ಬಿರಿದು ಇಟ್ಟಿಗೆಯನ್ನು ಉಳಿಸುತ್ತದೆ. ಮನೆಯನ್ನು ಕೆಡವಬೇಕಾದಾಗ ಸಂದನ್ನು ನೆನೆಯಿಸಿ ಕೆರೆದರೆ ಇಟ್ಟಿಗೆ ಇಡಿಯಾಗಿ ಬಿಟ್ಟುಬರುತ್ತದೆ; ಕರಣೆಯಿಂದ ನಾಲ್ಕು ಸಲ ತಟ್ಟಿದರೆ ಶುಭ್ರವಾಗುತ್ತದೆ. ಅಜ್ಜನ ಮನೆಯ ಇಟ್ಟಿಗೆಯಿಂದ ಮೊಮ್ಮಗನು ಮನೆ ಕಟ್ಟುವುದು ಹೀಗೆ ಸಾಧ್ಯವಾಗಿತ್ತು.

ಮರಗೆಲಸದವರ ಅಂಟಿನಲ್ಲಿಯೂ ಇದೇ ನೀತಿಯನ್ನು ಕಾಣುತ್ತೇವೆ. ಬಡಗಿಗಳು ಚರ್ಮವನ್ನು ಕುದಿಸಿ ಮಾಡಿದ ಅಂಟಿಗೆ ವಜ್ರವೆಂದೂ ಮರವಜ್ರವೆಂದೂ ಹೆಸರು. ಈ ಹೆಸರು ಬಹಳ ಹಳೆಯದನ್ನು ನೆನಪಿಗೆ ತರುತ್ತದೆ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ವಜ್ರಲೇಪವೆಂಬ ಅಂಟನ್ನು ವಿವರಿಸಿದ್ದಾನೆ. ಬೇಲ ಮೊದಲಾದವುಗಳ ಕಾಯಿಗಳನ್ನೂ ಬೂರುಗದ ಹೂವನ್ನೂ ನೀರಿನಲ್ಲಿ ಕಾಯಿಸಿ ಎಂಟರಲ್ಲಿ ಒಂದು ಪಾಲಿಗೆ ಇಳಿಸಿ, ಗುಗ್ಗುಳ, ರಾಳ ಮುಂತಾದ ಅಂಟುಗಳನ್ನು ಕೂಡಿಸಿ, ಬಿಸಿಯಾಗಿರುವಾಗಲೇ ದೇವಾಲಯಕ್ಕೂ ವಿಗ್ರಹಕ್ಕೂ ಗೋಡೆಗೂ ಬಾವಿಗೂ ಬಳಿದರೆ ಅದು ಕೋಟಿ ವರ್ಷ ನಿಲ್ಲುವುದೆಂದು ಅವನ ಭರವಸೆ. ಕೊಂಬು, ಚರ್ಮಗಳಿಂದ ಮಾಡುವ ಇನ್ನೊಂದು ಬಗೆಯನ್ನೂ ಅವನು ಹೇಳಿರುವನು. ಕೋಟಿ ವರ್ಷದ ಮಾತು ಪ್ರಶಂಸೆಯಿರಬೇಕು. ನಮ್ಮ ಬಡಗಿಯ ವಜ್ರವಂತೂ ಅಷ್ಟು ಹಟಮಾರಿಯಲ್ಲ. ಬಿಸಿನೀರಿನ ಬಟ್ಟೆಯನ್ನು ಸ್ವಲ್ಪ ಹೊತ್ತು ಸುತ್ತಿಟ್ಟರೆ ಮೆತ್ತಗಾಗಿ ಸಂದನ್ನು ಬಿಟ್ಟುಕೊಡುತ್ತದೆ. ಹಳೆಯ ಕುರ್ಚಿಯ ಮುರಿದ ಕಾಲನ್ನು ಮರಕ್ಕೆ ಏಟು ತಾಗದಂತೆ ತೆಗೆದು ಹೊಸದನ್ನು ಹಾಕಲು ಆಗುವುದು ಇದರಿಂದಲೇ.

ಇಂತಹ ಲೋಕಕ್ಕೆ ಸಿಮೆಂಟು ಬಂದಿತು. ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಎಂಬಾತನು 1824ರಲ್ಲಿ ಪೋರ್ಟ್‌ಲೆಂಡ್ ಸಿಮೆಂಟಿನ ಹಕ್ಕುಪತ್ರ ಪಡೆದನು. ಬೆಂಗಳೂರಿನಿಂದ ಹರಿಹರದ ಕಡೆಗೆ ಹೋಗುವ ರೈಲುಮಾರ್ಗವು ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದುಹೋಯಿತು; 1899ರಲ್ಲಿ ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗೆಗೆ ಕವಲು ಮಾರ್ಗವಾಯಿತು. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರನ್ನು ನಂಬಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸಕ್ಕೆ ತೊಡಗಿತು. 1930ರ ದಶಕದ ಕೊನೆಗೆ ಅಲ್ಲಿಯೇ ಸಿಮೆಂಟಿನ ತಯಾರಿಕೆಯೂ ಆರಂಭವಾಯಿತು. ತಿಂಗಳುಗಟ್ಟಲೆ ಕಾಯಬೇಕಾಗಿದ್ದ ಕೆಲಸ ದಿನಗಳಲ್ಲಿ ಮುಗಿಯುವಂತಾಯಿತು. ಗಾಣವೂ ಬೇಡ, ಎತ್ತೂ ಬೇಡ, ಅಳಲೆಕಾಯಿಯೂ ಬೇಡ. ಮೂರು ತಲೆಮಾರಿನೊಳಗೆ ಗಾರೆಯ ಗಾಣದ ಕಲ್ಲುಗಳು ಹಿತ್ತಿಲಿನಲ್ಲಿ ಕೂರುವ ಆಸನಗಳಾದುವು.

ಇನ್ನು ನಮ್ಮ ಪ್ರಸಂಗ. ತರೀಕೆರೆಯಲ್ಲಿ ನಮ್ಮ ಹಿರಿಯರ ಮನೆಯ ಗೋಡೆಗಳು ಇಟ್ಟಿಗೆ ಸುಣ್ಣಗಳವು. ನಡುಮನೆಯ ಗೋಡೆಯ ಬುಡದಲ್ಲಿ ಗಾರೆ ಸ್ವಲ್ಪ ಉದುರುತ್ತಿದ್ದಿತು. ವಿದ್ಯಾವಂತರೆನಿಸಿಕೊಂಡ ನಾವು ಇದಕ್ಕೆ ಶಾಶ್ವತವಾದ ಚಿಕಿತ್ಸೆಯಾಗಲೆಂದು ನೆಲದಿಂದ ನಾಲ್ಕಡಿ ಎತ್ತರಕ್ಕೆ ಒತ್ತಾಗಿ ಸಿಮೆಂಟು ಬಳಿಸಿದೆವು. ಯಾರೂ ನಮ್ಮನ್ನು ಒತ್ತಾಯಿಸಲಿಲ್ಲ; ತಪ್ಪು ಪೂರ್ಣವಾಗಿ ನಮ್ಮದೇ. ಎರಡು ಮಳೆಗಾಲ ಕಳೆಯುವುದರೊಳಗೆ ಸಿಮೆಂಟಿನ ಗೆರೆಯ ಮೇಲ್ಗಡೆ, ಎಂದೂ ಇಲ್ಲದ ಎತ್ತರದಲ್ಲಿ, ಗೋಡೆ ಒದ್ದೆಯಾಗಿ ಉಪ್ಪು ಕಕ್ಕಲಾರಂಭಿಸಿತು. ನೆಲದಿಂದ ಏರುವ ತೇವವು ಮೊದಲು ಸುಣ್ಣದ ಮೈಯಿಂದ ಆರಿಹೋಗುತ್ತಿದ್ದಿತು. ಈಗ ಬುಡದಲ್ಲಿ ದಾರಿ ಕಟ್ಟಿದುದರಿಂದ ಮೇಲಕ್ಕೆ ಏರಿತು. ಸಿಮೆಂಟನ್ನು ಕಿತ್ತು ನೋಡಿದಾಗ ಅದರೊಡನೆ ಇಟ್ಟಿಗೆಗಳ ಮುಖಗಳೂ ಹಪ್ಪಳದಂತೆ ಎದ್ದುಬಂದುವು. ಆ ಕೆಲಸಕ್ಕೆಂದು ಕರೆಸಿದ ವೃದ್ಧ ಗಾರೆ ಕೆಲಸದವರೊಬ್ಬರು ಒಂದು ಚೂರನ್ನು ಕೈಯಲ್ಲಿ ಹಿಡಿದು, “ಸ್ವಾಮಿ, ಸವೆಯಬೇಕಾದ್ದು ಗಾರೆ, ಇಟ್ಟಿಗೆಯಲ್ಲ. ಗಾರೆ ಸವೆದರೆ ನಮ್ಮಂಥವರು ಬಂದು ಮತ್ತೆ ತುಂಬುತ್ತೀವಿ. ಇಟ್ಟಿಗೆ ಸವೆದರೆ ಯಾರು ತುಂಬುತ್ತಾರೆ?” ಎಂದರು. ನಾವು ಓದಿದ್ದ ಯಾವ ಪುಸ್ತಕದಲ್ಲಿಯೂ ಈ ವಾಕ್ಯವಿರಲಿಲ್ಲ.

ಅವರು ಮಾಡಿದ ಕೆಲಸವನ್ನು ಹೇಳುವುದು ಉಪಯುಕ್ತವಾದೀತು. ದೊಡ್ಡ ಸುತ್ತಿಗೆಯನ್ನು ಗೋಡೆಯ ಹತ್ತಿರಕ್ಕೆ ಬಿಡಲಿಲ್ಲ. ಸಣ್ಣ ಉಳಿಯನ್ನು ಗೋಡೆಗೆ ಓರೆಯಾಗಿ ಹಿಡಿದು, ಟೊಳ್ಳು ಸದ್ದು ಬಂದ ಕಡೆಯಿಂದ ಆರಂಭಿಸಿ, ಅಂಗೈಯಗಲದ ಚೂರುಗಳಾಗಿ ಸಿಮೆಂಟನ್ನು ಬಿಡಿಸಿದರು. ಬಿಡಲೊಲ್ಲದ ಕಡೆ ಹಟ ಮಾಡದೆ ಬಿಟ್ಟರು. ಉಪ್ಪನ್ನು ಒಣ ಕುಂಚದಿಂದ ಗುಡಿಸಿದರು. ಒಂದು ಬೇಸಗೆ ಪೂರ್ತಿ ಗೋಡೆಯನ್ನು ಬರಿಮೈಯಲ್ಲಿ ಆರಲು ಬಿಟ್ಟು, ಆಮೇಲೆ ಇಟ್ಟಿಗೆಯನ್ನು ನೆನೆಯಿಸಿ, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಸುರ್ಕಿಗಳ ಗಾರೆಯನ್ನು ತೆಳ್ಳಗೆ ಎರಡು ಸಲ ಬಳಿದರು. ಬೇಗ ಒಣಗದಂತೆ ಒದ್ದೆ ಗೋಣಿತಾಟು ಹೊದಿಸಿದರು. ನಾವು ಒಂದು ವಾರದಲ್ಲಿ ಮಾಡಿದ ತಪ್ಪನ್ನು ತಿದ್ದುವುದಕ್ಕೆ ಒಂದು ವರ್ಷ ಹಿಡಿಯಿತು. ಹಾಳಾದ ಇಟ್ಟಿಗೆಗಳು ಮಾತ್ರ ಮರಳಿ ಬರಲಿಲ್ಲ.

ನಮಗಿಂತ ದೊಡ್ಡವರೂ ಇದೇ ತಪ್ಪಿಗೆ ಒಳಗಾಗಿದ್ದಾರೆಂಬುದು ಒಂದು ಸಮಾಧಾನ. ಅಥೆನ್ಸಿನ ಪಾರ್ಥೆನಾನ್ ದೇವಾಲಯದಲ್ಲಿ ಪ್ರಾಚೀನ ಗ್ರೀಕರು ಅಮೃತಶಿಲೆಗಳನ್ನು ಕಬ್ಬಿಣದ ಕೊಂಡಿಗಳಿಂದ ಬಿಗಿದು, ತುಕ್ಕು ಹಿಡಿಯದಂತೆ ಕೊಂಡಿಯ ಸುತ್ತ ಸೀಸವನ್ನು ಎರೆದಿದ್ದರು. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಅದನ್ನು ಜೀರ್ಣೋದ್ಧಾರ ಮಾಡಿದ ನಿಕೊಲಾವೊಸ್ ಬಲಾನೊಸ್ ಎಂಬ ಶಿಲ್ಪಶಾಸ್ತ್ರಜ್ಞರು ಸೀಸದ ಕವಚವಿಲ್ಲದ ಕಬ್ಬಿಣವನ್ನೂ ಸಿಮೆಂಟನ್ನೂ ಧಾರಾಳವಾಗಿ ಬಳಸಿದರು. ಕಬ್ಬಿಣವು ತುಕ್ಕು ಹಿಡಿದು ಉಬ್ಬಿ ಅಮೃತಶಿಲೆಯನ್ನು ಸೀಳಿತು. 1975ರಿಂದೀಚೆಗೆ ಅಲ್ಲಿಯ ವಿದ್ವಾಂಸರು ಆ ದುರಸ್ತಿಯನ್ನು ಬಿಡಿಸಿ ತೆಗೆದು, ತುಕ್ಕು ಹಿಡಿಯದ ಟೈಟೇನಿಯಮ್ ಲೋಹವನ್ನು ಹಾಕುವ ಕೆಲಸದಲ್ಲಿ ದಶಕಗಳನ್ನು ಕಳೆದಿದ್ದಾರೆ. ಕಾಲ ಮಾಡದ ಹಾನಿಯನ್ನು ಕಾಳಜಿ ಮಾಡಿತು. ಇಂತಹ ಅನುಭವಗಳಿಂದಲೇ ಇಂದಿನ ಸಂರಕ್ಷಣಾಶಾಸ್ತ್ರದಲ್ಲಿ ಒಂದು ಸೂತ್ರ ನೆಲೆಗೊಂಡಿದೆ: ಇಂದು ಮಾಡುವ ದುರಸ್ತಿಯನ್ನು ನಾಳೆ ಬರುವವನು ಹಳೆಯದಕ್ಕೆ ನೋವಾಗದಂತೆ ಬಿಡಿಸಲು ಶಕ್ತನಾಗಿರಬೇಕು.

ಹಾಗೆಂದು ನಾವು ಹೊಸ ಅಂಟುಗಳ ವೈರಿಗಳಲ್ಲ. ಈಚಿನ ಮನೆಗಳಲ್ಲಿ ಸಿಮೆಂಟಿನ ಜತೆಗೆ ಬಗೆಬಗೆಯ ರಾಸಾಯನಿಕ ಅಂಟುಗಳು ನೆಲೆಸಿವೆ. 1959ರಲ್ಲಿ ಮಾರುಕಟ್ಟೆಗೆ ಬಂದ ಫೆವಿಕಾಲ್ ಎಂಬ ಬಿಳಿಯ ಅಂಟು ಬಡಗಿಯ ವಜ್ರದ ಗಡಿಗೆಯನ್ನು ಒಲೆಯಿಂದ ಇಳಿಸಿತು. ಆ ಜಾತಿಯ ಬಿಳಿಯ ಅಂಟು ಕಾವಿಗೂ ತೇವಕ್ಕೂ ಅಷ್ಟಿಷ್ಟು ಮೆತ್ತಗಾದೀತು. ಕ್ಷಣದಲ್ಲಿ ಹಿಡಿಯುವ ಸಣ್ಣ ಕೊಳವೆಯ ಅಂಟು ಅಸಿಟೋನಿನಲ್ಲಿ ಕರಗುತ್ತದೆ. ಎಪಾಕ್ಸಿಯೆಂಬ ಎರಡು ಪಾಕದ ಅಂಟಾದರೋ ನೀರಿಗೆ ಬಗ್ಗದು. ಕಾವಿಗೆ ಸ್ವಲ್ಪ ಸಡಿಲವಾದರೂ ಕಡೆಗೆ ಕೆರೆದೇ ತೆಗೆಯಬೇಕು. ಹೊಸ ಕಟ್ಟಡಕ್ಕೆ ಇವು ಯೋಗ್ಯವಾಗಿರಬಹುದು. ಒಡೆದುಹೋದ ದೊಡ್ಡ ಕಲ್ಲನ್ನು ಕೂಡಿಸುವುದಕ್ಕೆ ಎಪಾಕ್ಸಿಯ ಸಹಾಯವನ್ನು ತಜ್ಞರೂ ಪಡೆಯುತ್ತಾರೆ. ಕೇಳಬೇಕಾದುದು ಇಷ್ಟೇ: ಇದು ಹಿಡಿಯುವ ವಸ್ತು ಇದಕ್ಕಿಂತ ಗಟ್ಟಿಯೋ ಮೆತ್ತಗೋ? ಇದನ್ನು ಬಿಡಿಸುವ ದಾರಿ ಯಾವುದು? ಎರಡನೆಯದಕ್ಕೆ ಉತ್ತರ ತಿಳಿಯದವರು ಹಳೆಯ ಗೋಡೆಗೆ ಕೈಹಾಕದಿರುವುದೇ ಲೇಸು.

ಬಿಡಿಸುವುದರಲ್ಲಿಯೂ ಅವಸರ ಕೂಡದು. ಊರ ಗುಡಿಯ ಕೆತ್ತನೆಯ ಮೇಲೆ ವರ್ಷ ವರ್ಷವೂ ಭಕ್ತಿಯಿಂದ ಬಳಿದ ಸುಣ್ಣವು ಮುಖವನ್ನೇ ಮುಚ್ಚಿರುವುದನ್ನು ನಾವೆಲ್ಲರೂ ಬಲ್ಲೆವು. ಅದನ್ನು ತೆಗೆಯುತ್ತೇವೆಂದು ಉತ್ಸಾಹಿಗಳು ಆಮ್ಲವನ್ನು ಸುರಿಯುವುದುಂಟು. ಸುಣ್ಣ ಕರಗುವುದು ನಿಜ; ಕಲ್ಲಿನ ಮೈಗೂ ಅದರಿಂದ ಅಪಾಯ ತಪ್ಪಿದುದಲ್ಲ. ಅದು ಕುಶಲಿಗಳು ಮೆಲ್ಲಗೆ ಮಾಡತಕ್ಕ ಕೆಲಸ. ಅಮೃತಾಪುರದಂತಹ ರಕ್ಷಿತ ಸ್ಮಾರಕಗಳಲ್ಲಿ ಪ್ರಾಕ್ತನ ಇಲಾಖೆಯವರ ಹೊರತು ಮತ್ತೊಬ್ಬರು ಕೈಯಿಡುವಂತಿಲ್ಲ. ಆದರೆ ರಕ್ಷಣೆಯ ಪಟ್ಟಿಯಲ್ಲಿಲ್ಲದ ನೂರಾರು ಗುಡಿಗಳು, ಛತ್ರಗಳು, ಕಲ್ಯಾಣಿಗಳು, ಮನೆಗಳು ನಮ್ಮ ನಿಮ್ಮ ವಿವೇಕವೊಂದನ್ನೇ ನಂಬಿವೆ.

ಅಮೃತಾಪುರದ ಕಲ್ಲುಕುಟಿಗರು ಬಿಗಿಯಾಗಿ ಕೂಡಿಸಿದರು, ಆದರೆ ಬಿಡಿಸಲಾಗದಂತೆ ಕೂಡಿಸಲಿಲ್ಲ. ತಮ್ಮ ಬಳಿಕವೂ ಕೆಲಸ ಬಲ್ಲವರು ಹುಟ್ಟುತ್ತಾರೆಂಬ ನಂಬಿಕೆ ಅವರ ಸಂದುಗಳಲ್ಲಿ ಕಾಣುತ್ತದೆ. ಮುಂದಿನ ರಜೆಯಲ್ಲಿ ತರೀಕೆರೆಯ ಕಡೆಗೆ ಹೋಗುವ ಅವಕಾಶ ದೊರೆತರೆ ಆ ದೇವಾಲಯದ ರಾಮಾಯಣವನ್ನು ನೋಡಿರಿ. ನೋಡಿದ ಬಳಿಕ ಎರಡು ಫಲಕಗಳ ನಡುವಣ ಗೆರೆಯನ್ನೂ ಒಂದು ನಿಮಿಷ ನೋಡಿರಿ. ಊರಿಗೆ ಹಿಂದಿರುಗಿದ ಮೇಲೆ ನಿಮ್ಮ ಮನೆಯ ಹಳೆಯ ಗೋಡೆಗೆ ಸಿಮೆಂಟು ಕಲಸುವ ಮುಂಚೆ, ನಿಮ್ಮ ಬೀದಿಯಲ್ಲಿ ಸುಣ್ಣದ ಗಾರೆಯನ್ನು ಬಲ್ಲ ವೃದ್ಧರು ಯಾರಾದರೂ ಇನ್ನೂ ಇರುವರೇ ಎಂದು ವಿಚಾರಿಸಿರಿ. ಇದ್ದರೆ ಒಬ್ಬ ಹುಡುಗನನ್ನು ಅವರ ಜತೆಗೆ ಕೆಲಸಕ್ಕೆ ನಿಲ್ಲಿಸಿರಿ. ಗೋಡೆಯನ್ನು ಮತ್ತೆ ಕಟ್ಟಬಹುದು. ಆ ಕೈಯ ವಿದ್ಯೆ ಹೋದರೆ ಅದನ್ನು ಕಟ್ಟಿಕೊಡುವವರು ಇಲ್ಲ.